ಬರೀ 'ಪಾಪ' ಅನ್ನಿಸಿದರೆ ಸಾಕಾ?

ಈ ಸಲದ ಪತ್ರಗಳಲ್ಲಿ ಒಂದು ತಮಾಷೆ ಆಗಿದೆ. ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಗೊತ್ತಿಲ್ಲದವರು, ಸುತ್ತಿ ಬಳಸಿ ಒಂದೇ ವಿಷಯ ಕೇಳಿದ್ದೀರಿ. ಕಥೆಯಲ್ಲಿ ಕೈಲಾಗದವರು, ಯಾರ ಲೆಕ್ಕಕ್ಕೂ ಇಲ್ಲದವರು ಬಂದಾಗ ನಮ್ಮ ಮನಸ್ಸು ಯಾಕೆ ಕರಗುತ್ತದೆ, ಕೆಲವು ಸಲ ಯಾಕೆ ಕರಗೋದೇ ಇಲ್ಲ ಅಂತ. ಹಾಗಾಗಿ ಒತ್ತಕ್ಷರದ ಪ್ರಶ್ನೆಗಳನ್ನೂ, 'ನನ್ನ ಕವನ ಯಾಕೆ ಹಾಕಲಿಲ್ಲ' ಅಂತ ಬೈದು ಬರೆದವರ ಪತ್ರಗಳನ್ನೂ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೈದವರು ಬೇಜಾರು ಮಾಡಿಕೊಳ್ಳಬೇಡಿ, ಉತ್ತರ ಬರುತ್ತದೆ.

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆಯ ಮೇಲೆ ಒಂದು ಕಥೆ ಬರೆದೆ. ಗಂಡ ಕುಡುಕ, ಮಗನಿಗೆ ಕಾಯಿಲೆ, ಮೂರು ತಿಂಗಳಿಂದ ಸಂಬಳ ಇಲ್ಲ, ಮೇಸ್ತ್ರಿ ಬೈಯುತ್ತಾನೆ, ಕೊನೆಗೆ ಮಳೆಗೆ ಮನೆ ಬೀಳುತ್ತದೆ. ಬರೆಯುವಾಗ ನನಗೇ ಕಣ್ಣೀರು ಬಂತು. ಆದರೆ ಓದಿದ ಸ್ನೇಹಿತರು 'ಪಾಪ, ಚೆನ್ನಾಗಿದೆ' ಅಂದು ಫೋನ್ ನೋಡಲು ಶುರು ಮಾಡಿದರು. ಎಲ್ಲಿ ತಪ್ಪಿದೆ?
(ಓದುಗರು, ಹಾವೇರಿ)

ಉತ್ತರ: ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಾಲಿನಲ್ಲೇ 'ಬಡತನದ ಬೇಗೆಯಲ್ಲಿ ಬೆಂದು ಬಸವಳಿದ ಜೀವ' ಅಂತಿದೆ. ಎರಡನೇ ಪುಟದಲ್ಲಿ 'ಆಕೆಯ ದುಃಖಕ್ಕೆ ಕೊನೆಯೇ ಇರಲಿಲ್ಲ' ಅಂತಿದೆ. ಓದುಗನಿಗೆ ಅನ್ನಿಸಬೇಕಾದ್ದನ್ನೆಲ್ಲ ನೀವೇ ಅನ್ನಿಸಿಕೊಂಡು ಮುಗಿಸಿಬಿಟ್ಟಿದ್ದೀರಿ. ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿ, ಬಡಿಸೋನೇ ಉಂಡು ಕೈ ತೊಳೆದ ಹಾಗಾಯಿತು. ಕೂತವನು ಫೋನ್ ನೋಡದೆ ಇನ್ನೇನು ಮಾಡುತ್ತಾನೆ?

ಇದಕ್ಕೆ ರಷ್ಯಾದ ಕಥೆಗಾರ ಚೆಕಾಫ್ 1892ರಲ್ಲೇ ಮದ್ದು ಹೇಳಿದ್ದಾನೆ. ಕಥೆ ಬರೆಯುತ್ತಿದ್ದ ಒಬ್ಬ ಹೆಣ್ಣುಮಗಳು ಅವನ ಸಲಹೆ ಕೇಳಿದ್ದಳು. ನೊಂದವರ ಬಗ್ಗೆ ಬರೆದು ಓದುಗನ ಮನಸ್ಸು ಕರಗಿಸಬೇಕಾದರೆ ನೀವು ಸ್ವಲ್ಪ ತಣ್ಣಗಿರಿ, ಆಗಲೇ ಅವರ ದುಃಖ ಎದ್ದು ಕಾಣೋದು ಅಂತ ಉತ್ತರ ಬರೆದ. ಅವನು ಡಾಕ್ಟರು ಕೂಡ ಆಗಿದ್ದ. ರೋಗಿಯ ಹಾಸಿಗೆ ಪಕ್ಕ ಡಾಕ್ಟರೇ ಅಳುತ್ತಾ ಕೂತರೆ ಏನಾಗುತ್ತದೆ ಅನ್ನೋದು ಅವನಿಗೆ ಗೊತ್ತಿರಲೇಬೇಕಲ್ವಾ.

ಸರಿ, ತಣ್ಣಗಿರೋಣ. ಆದರೆ ಕಣ್ಣೀರು ತೆಗೆದ ಜಾಗಕ್ಕೆ ಏನು ಹಾಕೋದು? ನನ್ನ ಕೇಳಿದರೆ, ಲೆಕ್ಕ ಹಾಕಿ ಅಂತೀನಿ. ನಿಜವಾಗಲೂ ದುಡ್ಡಿನ ಲೆಕ್ಕ. ಕೈಯಲ್ಲಿ ಅಧಿಕಾರ ಇಲ್ಲದವರ ದಿನ ಪೂರ್ತಿ ಕಳೆಯೋದು ಲೆಕ್ಕದಲ್ಲೇ. ಎಷ್ಟಿದೆ, ಎಷ್ಟು ಸಾಲದು, ಯಾವುದನ್ನು ಬಿಟ್ಟರೆ ಯಾವುದು ಬರುತ್ತದೆ. ನಮ್ಮನ್ನು ಅಲ್ಲಾಡಿಸಿದ ಇಂಥ ಕಥೆಗಳನ್ನು ತೆಗೆದು ನೋಡಿ, ಎಲ್ಲೋ ಒಂದು ಕಡೆ ಚಿಲ್ಲರೆ ಎಣಿಸುವ ಸದ್ದು ಕೇಳೇ ಕೇಳುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ರಷ್ಯಾದ ಗೊಗೊಲ್ ಬರೆದ 'ಓವರ್‌ಕೋಟು', 1842ರಲ್ಲಿ ಅಚ್ಚಾದ ಕಥೆ. ಪೀಟರ್ಸ್‌ಬರ್ಗಿನ ಸರ್ಕಾರಿ ಕಚೇರಿಯಲ್ಲಿ ಅಕಾಕಿ ಅಕಾಕಿಯೆವಿಚ್ ಅಂತ ಒಬ್ಬ ಗುಮಾಸ್ತ. ಕಾಗದಪತ್ರಗಳ ನಕಲು ಮಾಡೋದು ಅವನ ಕೆಲಸ. ವರ್ಷಕ್ಕೆ ಸುಮಾರು 400 ರೂಬಲ್ ಸಂಬಳ. ಅವನ ಕೋಟು ಬೆನ್ನಿನ ಹತ್ತಿರ ಸವೆದು ಜಾಲರಿ ಆಗಿದೆ, ಚಳಿ ನೇರವಾಗಿ ಒಳಗೆ ಬರುತ್ತದೆ. ದರ್ಜಿ ಪೆಟ್ರೋವಿಚ್ ಹತ್ತಿರ ತೇಪೆ ಹಾಕಿಸಲು ಹೋದರೆ ಅವನು ತೇಪೆ ನಿಲ್ಲೋದಿಲ್ಲ, ಹೊಸದೇ ಆಗಬೇಕು, ನೂರೈವತ್ತಕ್ಕೂ ಮೇಲಾಗುತ್ತದೆ ಅನ್ನುತ್ತಾನೆ. ಪೆಟ್ರೋವಿಚ್ ಸುಮ್ನೆ ದೊಡ್ಡ ಮೊತ್ತ ಹೇಳಿ ಹೆದರಿಸೋನು, 80ಕ್ಕೆ ಮಾಡಿಕೊಡುತ್ತಾನೆ ಅಂತ ಅಕಾಕಿಗೆ ಗೊತ್ತು. ಆದರೆ ಆ 80 ಎಲ್ಲಿಂದ ಬರಬೇಕು?

ಗೊಗೊಲ್ ಇಲ್ಲಿ ಅಳುವುದಿಲ್ಲ. ಕಿರಾಣಿ ಅಂಗಡಿಯವನ ಹಾಗೆ ಲೆಕ್ಕ ಕೊಡುತ್ತಾ ಹೋಗುತ್ತಾನೆ. ಅಕಾಕಿಗೆ ಒಂದು ಅಭ್ಯಾಸ, ಖರ್ಚು ಮಾಡಿದ ಪ್ರತಿ ರೂಬಲ್ಲಿಗೂ ಒಂದು ಚಿಲ್ಲರೆ ಕಾಸನ್ನು ಬೀಗ ಹಾಕಿದ ಪುಟ್ಟ ಪೆಟ್ಟಿಗೆಗೆ ಹಾಕೋದು. ವರ್ಷಗಟ್ಟಲೆ ಹಾಗೆ ಹಾಕಿ 40 ರೂಬಲ್ ಆಗಿದೆ. ಇನ್ನರ್ಧಕ್ಕೆ ಏನು ಮಾಡೋದು? ಸಂಜೆಯ ಟೀ ಬಿಡುತ್ತಾನೆ. ರಾತ್ರಿ ಮೇಣದ ಬತ್ತಿ ಹಚ್ಚೋದು ಬಿಡುತ್ತಾನೆ, ಕೆಲಸ ಇದ್ದರೆ ಮನೆ ಮಾಲೀಕಳ ಕೋಣೆಗೆ ಹೋಗಿ ಅವಳ ಬೆಳಕಿನಲ್ಲಿ ಕೂರುತ್ತಾನೆ. ಬೀದಿಯ ಕಲ್ಲಿನ ಮೇಲೆ ನಡೆಯುವಾಗ ಬೂಟಿನ ಅಟ್ಟೆ ಬೇಗ ಸವೆಯಬಾರದು ಅಂತ ತುದಿಗಾಲಲ್ಲಿ ನಡೆಯುತ್ತಾನೆ. ಬಟ್ಟೆ ಒಗೆಯಲು ಹಾಕಿದರೆ ದುಡ್ಡು, ಹಾಗಾಗಿ ಮನೆಗೆ ಬಂದ ತಕ್ಷಣ ಒಳಬಟ್ಟೆ ಕಳಚಿಟ್ಟು ಬರೀ ಹಳೇ ನಿಲುವಂಗಿಯಲ್ಲಿ ಕೂರುತ್ತಾನೆ.

ಆ ತುದಿಗಾಲಿನ ನಡಿಗೆ ಇದೆಯಲ್ಲ, ಅಲ್ಲಿ ನಾನು ಸೋತೆ. ನೂರು ಸಲ 'ಕಡು ಬಡವ' ಅಂದಿದ್ದರೂ ಅದು ಆಗುತ್ತಿರಲಿಲ್ಲ. ಯಾಕೆಂದರೆ ಆ ಉಪಾಯ ಅವನದೇ. ಬಡತನ ಅವನ ಮೇಲೆ ಸುಮ್ನೆ ಬಿದ್ದಿಲ್ಲ, ಅವನು ಅದರ ಜೊತೆ ಏನೋ ಮಾಡುತ್ತಿದ್ದಾನೆ, ತಲೆ ಓಡಿಸುತ್ತಿದ್ದಾನೆ. ನಾವೂ ಜೊತೆಗೆ ಕೂಡಿಸಿ ಕಳೆಯಲು ಶುರು ಮಾಡುತ್ತೇವೆ. ಹಬ್ಬಕ್ಕೆ ಬೋನಸ್ 40 ಬರಬಹುದು ಅಂದುಕೊಂಡಿದ್ದವನಿಗೆ 60 ಬಂದಾಗ ನಮಗೇ ಸಂಬಳ ಜಾಸ್ತಿ ಆದಷ್ಟು ಖುಷಿ. ಒಬ್ಬನ ಲೆಕ್ಕದ ಪುಸ್ತಕದಲ್ಲಿ ಒಂದು ಸಲ ಬೆರಳಿಟ್ಟ ಮೇಲೆ ಅವನು ಬೇರೆಯವನಾಗಿ ಉಳಿಯೋದಿಲ್ಲ.

ಕೋಟು ಸಿದ್ಧವಾದ ಬೆಳಗ್ಗೆ ಇನ್ನೊಂದು ಚಂದ ಇದೆ. ಕಾಲರಿಗೆ ಒಳ್ಳೆಯ ತುಪ್ಪಳ ದುಬಾರಿ ಅಂತ ಬೆಕ್ಕಿನ ತುಪ್ಪಳ ಹಾಕಿದ್ದಾರೆ, ದೂರದಿಂದ ನೋಡಿದರೆ ಗೊತ್ತಾಗೋದಿಲ್ಲ. ಪೆಟ್ರೋವಿಚ್ ತಾನೇ ಕೋಟು ತಂದು ತೊಡಿಸಿ, ಅಕಾಕಿ ಹೊರಟ ಮೇಲೆ ಬೀದಿಯಲ್ಲಿ ನಿಂತು ಹಿಂದಿನಿಂದ ನೋಡುತ್ತಾನೆ. ಅಷ್ಟಕ್ಕೇ ತೃಪ್ತಿ ಇಲ್ಲ. ಅಡ್ಡ ಓಣಿಯಲ್ಲಿ ಓಡಿ, ಮುಂದಿನ ತಿರುವಿನಲ್ಲಿ ಬಂದು, ಕೋಟನ್ನು ಎದುರಿನಿಂದ ಇನ್ನೊಂದು ಸಲ ನೋಡುತ್ತಾನೆ. ಅದೇ ರಾತ್ರಿ ಕಳ್ಳರು ಆ ಕೋಟು ಕಿತ್ತುಕೊಳ್ಳುತ್ತಾರೆ. ನಮಗೆ ಹೊಟ್ಟೆ ಉರಿಯೋದು ಬಡವನ ಕೋಟು ಹೋಯಿತು ಅಂತ ಮಾತ್ರ ಅಲ್ಲ, ದರ್ಜಿ ಓಣಿ ಸುತ್ತಿ ಬಂದು ನೋಡಿದ ಕೋಟು ಹೋಯಿತು ಅಂತ.

ಈಗ ನಿಮ್ಮ ಕಥೆಗೆ ಬನ್ನಿ. ಅದರಲ್ಲಿ ಕಷ್ಟಗಳ ಪಟ್ಟಿ ಇದೆ, ಆದರೆ ಆಕೆಗೆ ಬೇಕಾದ್ದು ಏನು ಅಂತ ಎಲ್ಲೂ ಇಲ್ಲ. ಒಂದು ಕೋಟು ಕೊಡಿ ಆಕೆಗೆ. ಬೆಳಗ್ಗೆ ಐದೂವರೆಗೆ ಮನೆ ಬಿಡುವಾಗ ಚೀಲದಲ್ಲಿ ಏನಿರುತ್ತದೆ? ಪೊರಕೆ ಕಡ್ಡಿ ಬೇಗ ಸವೆಯದ ಹಾಗೆ ಹೇಗೆ ಕಟ್ಟುತ್ತಾರೆ? ಹಾಜರಿ ಹಾಕುವ ಹೊತ್ತಿಗೆ ಐದು ನಿಮಿಷ ತಡವಾದರೆ ಏನಾಗುತ್ತದೆ? ಟೀ ಕುಡಿದರೆ ಶೌಚಕ್ಕೆ ಎಲ್ಲಿಗೆ ಹೋಗೋದು ಅಂತ ಯೋಚಿಸಿ ಟೀ ಬಿಡುತ್ತಾರಾ? ಇವನ್ನು ಊಹಿಸಿ ಬರೆಯಬೇಡಿ, ನಿಮ್ಮ ಬೀದಿಯವರೇ ಅಲ್ವಾ, ಹೋಗಿ ಮಾತಾಡಿ. ಕುಡುಕ ಗಂಡ, ಕಾಯಿಲೆ ಮಗ, ಬೀಳುವ ಮನೆ, ಮೂರರಲ್ಲಿ ಎರಡನ್ನು ತೆಗೆದುಬಿಡಿ. ಯಾವ ಎರಡು ಅಂತ ನೀವೇ ನೋಡಿ. ಮನೆಯಂತೂ ಬೀಳೋದು ಬೇಡ.

ಪ್ರಶ್ನೆ: ಹಿಂದೊಮ್ಮೆ ಇದೇ ಅಂಕಣದಲ್ಲಿ ನೀವು ಗೊಗೊಲನ ಗುಮಾಸ್ತನನ್ನು ಹೊಗಳಿದ್ದಿರಿ. ಆಮೇಲೆ ಹುಡುಕಿ ಓದಿದೆ. ಆದರೆ ಲೇಖಕ ಅವನನ್ನು ಗೇಲಿ ಮಾಡುತ್ತಾನಲ್ಲ ಸಾರ್! ಹೆಸರಿನಿಂದ ಹಿಡಿದು ನಗೆಪಾಟಲು. ಬಡವನನ್ನು ನೋಡಿ ನಗಿಸೋದು ಯಾವ ನ್ಯಾಯ?
(ನಿವೃತ್ತ ಓದುಗರು, ಮೈಸೂರು)

ಉತ್ತರ: ನಿಜ, ನಗಿಸುತ್ತಾನೆ. ಮಗುವಿಗೆ ಇಡಲು ಚರ್ಚಿನ ಸಂತರ ಕ್ಯಾಲೆಂಡರಿನಲ್ಲಿ ಸಿಕ್ಕ ಹೆಸರೆಲ್ಲ ವಿಚಿತ್ರ ಅನ್ನಿಸಿ, ತಾಯಿ ಬೇಸತ್ತು 'ಅಪ್ಪನ ಹೆಸರೇ ಇರಲಿ' ಅನ್ನುತ್ತಾಳೆ. ಹಾಗಾಗಿ ಅಕಾಕಿಯ ಮಗ ಅಕಾಕಿ. ನಮ್ಮ ಕಡೆ ತಿಮ್ಮಪ್ಪನ ಮಗ ತಿಮ್ಮಪ್ಪ ಅಂದ ಹಾಗೆ. ನೀವು ನಕ್ಕಿರಿ ತಾನೇ? ನಾನೂ ನಕ್ಕೆ. ಗೊಗೊಲನಿಗೆ ಬೇಕಿದ್ದದ್ದೂ ಅದೇ.

ಆಮೇಲೆ ಏನಾಗುತ್ತದೆ ನೋಡಿ. ಕಚೇರಿಯ ಹುಡುಗರೂ ಅವನನ್ನು ನೋಡಿ ನಗುತ್ತಾರೆ. ಕಾಗದ ಹರಿದು ತಲೆ ಮೇಲೆ ಉದುರಿಸಿ 'ಹಿಮ ಬಿತ್ತು' ಅನ್ನುತ್ತಾರೆ. ಅವನು ಸುಮ್ಮನೆ ಬರೆಯುತ್ತಿರುತ್ತಾನೆ. ಕೈ ಅಲ್ಲಾಡಿಸಿ ಬರೆಯಲೇ ಬಿಡದಿದ್ದಾಗ ಮಾತ್ರ 'ಬಿಡಿ ನನ್ನ, ಯಾಕೆ ಹೀಗೆ ನೋಯಿಸ್ತೀರಿ?' ಅನ್ನುತ್ತಾನೆ. ಅಷ್ಟೇ. ಹೊಸದಾಗಿ ಸೇರಿದ ಒಬ್ಬ ಹುಡುಗ, ಅವನೂ ಗೇಲಿಗೆ ನಿಂತವನೇ, ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಾನೆ. ಆ ಮಾತಿನ ಒಳಗೆ 'ನಾನು ನಿನ್ನ ಅಣ್ಣತಮ್ಮ ಅಲ್ವೇನೋ' ಅಂತ ಇನ್ನೊಂದು ಮಾತು ಅವನಿಗೆ ಕೇಳಿಸುತ್ತದೆ. ಎಷ್ಟೋ ವರ್ಷ ಅವನು ಅದನ್ನು ನೆನೆದು ಮುಖ ಮುಚ್ಚಿಕೊಳ್ಳುತ್ತಾನೆ.

ಆ ಹುಡುಗ ಯಾರು? ನೀವು ಮತ್ತು ನಾನು. ಎರಡು ಪುಟದ ಹಿಂದೆ ನಕ್ಕವರು ನಾವೇ ತಾನೇ. ಗೊಗೊಲ್ ನಮ್ಮನ್ನು ಮೊದಲು ಆ ಗುಂಪಿಗೆ ಸೇರಿಸಿ, ಆಮೇಲೆ ಹಿಡಿದುಹಾಕಿದ್ದಾನೆ. ಮೊದಲಿನಿಂದಲೇ 'ಪಾಪ ಅಕಾಕಿ' ಅಂದಿದ್ದರೆ ನಾವು ಒಳ್ಳೆಯವರಾಗಿ, ಸುಖವಾಗಿ, ದೂರ ನಿಂತಿರುತ್ತಿದ್ದೆವು. ಶಾಲೆಯಲ್ಲಿ ನಾವು ಅಡ್ಡಹೆಸರು ಇಟ್ಟು ಕಾಡಿಸಿದ ಒಬ್ಬ ಹುಡುಗ ನನಗೆ ಈ ಜಾಗದಲ್ಲಿ ನೆನಪಾಗುತ್ತಾನೆ. ಆ ಅಡ್ಡಹೆಸರು ಇಲ್ಲಿ ಬರೆಯಲಾರೆ.

ಇನ್ನೊಂದು ಹೇಳಬೇಕು. ಅವನನ್ನು ಗೇಲಿ ಮಾಡಿದ ಅದೇ ಕಥೆಗಾರ ಅವನಿಗೆ ಒಂದು ಸುಖವನ್ನೂ ಕೊಟ್ಟಿದ್ದಾನೆ. ಅಕಾಕಿಗೆ ಕೆಲವು ಅಕ್ಷರಗಳೆಂದರೆ ಪ್ರಾಣ. ಬರೆಯುತ್ತಾ ಆ ಅಕ್ಷರ ಬಂದರೆ ಮುಖ ಅರಳುತ್ತದೆ, ತುಟಿ ಅಲ್ಲಾಡುತ್ತದೆ. ಮುಖ ನೋಡಿದರೇ ಯಾವ ಅಕ್ಷರ ಬರೆಯುತ್ತಿದ್ದಾನೆ ಅಂತ ಹೇಳಬಹುದಿತ್ತು. ಇಂಥ ಒಂದು ಖುಷಿ ಇಲ್ಲದ ಬಡವ ಕಥೆಯಲ್ಲಿ ಬಂದರೆ ಅವನು ಮನುಷ್ಯ ಅಲ್ಲ, ಬಡತನದ ಪೋಸ್ಟರು. ನಮ್ಮ ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ, ಅದು ಸರಿ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯೋದು ಆ ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕದ್ದು ತಂದ ಕಡ್ಲೆಕಾಯಿ ತಿನ್ನುವ ಸಂಭ್ರಮ. ಆ ಸಂಭ್ರಮ ಗೊತ್ತಾದ ಮೇಲೇ ಪೊಲೀಸರು ಬಂದಾಗ ನಮಗೆ ಎದೆ ಹೊಡೆದುಕೊಳ್ಳೋದು.

ಪ್ರಶ್ನೆ: ಸಿಂಪಥಿಗೆ ಕನ್ನಡದಲ್ಲಿ ಯಾವ ಪದ ಸರಿ? ಸಹಾನುಭೂತಿ, ಅನುಕಂಪ, ಮರುಕ, ಕನಿಕರ?
(ಓದುಗರು, ತುಮಕೂರು)

ಉತ್ತರ: 'ಅನುಕಂಪ'ವನ್ನು ಸರ್ಕಾರ ತೆಗೆದುಕೊಂಡುಬಿಟ್ಟಿದೆ. 'ಅನುಕಂಪದ ಆಧಾರದ ನೌಕರಿ' ಕೇಳಿ ಕೇಳಿ ಆ ಪದ ಕೇಳಿದರೆ ಫೈಲು ನೆನಪಾಗುತ್ತದೆ. 'ಸಹಾನುಭೂತಿ' ಭಾಷಣದ ಪದ. 'ಕನಿಕರ' ಮೇಲಿನಿಂದ ಕೆಳಗೆ ಹರಿಯುತ್ತದೆ. 'ಮರುಕ' ಪರವಾಗಿಲ್ಲ, ಅದರಲ್ಲಿ ಮರುಗುವವನಿಗೂ ಸ್ವಲ್ಪ ನೋವಿದೆ. ನಮ್ಮಜ್ಜಿ ಇದ್ಯಾವುದನ್ನೂ ಬಳಸುತ್ತಿರಲಿಲ್ಲ, 'ಕರುಳು ಚುರ್ ಅಂತು' ಅನ್ನುತ್ತಿದ್ದರು.

ಪ್ರಶ್ನೆ: ನಾನು ಐದನೇ ತರಗತಿಗೆ ಪಾಠ ಮಾಡುವ ಶಿಕ್ಷಕಿ. ಹಿಂದಿ ಕಥೆಗಾರ ಪ್ರೇಮಚಂದರ 'ಈದ್ಗಾ' ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಮಕ್ಕಳು ಅಳಲಿಲ್ಲ, ಚಪ್ಪಾಳೆ ಹೊಡೆದರು! ಕೊನೆಯಲ್ಲಿ ನನಗೆ ಮಾತ್ರ ಗಂಟಲು ಕಟ್ಟಿತು. ಅವರಿಗೆ ಅರ್ಥ ಆಗಲಿಲ್ಲವಾ, ನಾನು ಹೇಳಿದ್ದು ಸರಿ ಹೋಗಲಿಲ್ಲವಾ?
(ಶಿಕ್ಷಕಿ, ಕಲಬುರಗಿ)

ಉತ್ತರ: ಮೇಡಂ, ನೀವು ಬಹಳ ಚೆನ್ನಾಗಿ ಹೇಳಿದ್ದೀರಿ. ಚಪ್ಪಾಳೆಯೇ ಅದಕ್ಕೆ ಸಾಕ್ಷಿ.

ಓದದವರಿಗಾಗಿ ಎರಡು ಮಾತು. ನಾಲ್ಕೈದು ವರ್ಷದ ಹಾಮಿದ್‌ಗೆ ಅಪ್ಪ ಅಮ್ಮ ಇಲ್ಲ, ಅಜ್ಜಿ ಅಮೀನಾ ಸಾಕುತ್ತಾಳೆ. ಈದ್ ದಿನ ಮನೆಯಲ್ಲಿ ಇರೋದು ಒಟ್ಟು ಎರಡಾಣೆ. ಆಗ ಆಣೆಗೆ ನಾಲ್ಕು ಪೈಸೆ, ಅಂದರೆ ಎಂಟು ಪೈಸೆ. ಮೂರು ಹಾಮಿದನ ಜೇಬಿಗೆ, ಐದು ಅಜ್ಜಿಯ ಚೀಲಕ್ಕೆ. ನೋಡಿ, ಮತ್ತೆ ಲೆಕ್ಕ ಬಂತು! ಪ್ರೇಮಚಂದ್ 'ಬಡ ಅಜ್ಜಿ' ಅಂದು ಮುಗಿಸಲಿಲ್ಲ, ಎಂಟರಲ್ಲಿ ಮೂರು ಹೋದರೆ ಎಷ್ಟು ಅಂತ ನಮ್ಮಿಂದಲೇ ಕಳೆಸಿದರು. ಜೊತೆಯ ಹುಡುಗರು ಮಣ್ಣಿನ ಸಿಪಾಯಿ, ನೀರು ಹೊರುವವ, ವಕೀಲ ಅಂತ ಗೊಂಬೆ ಕೊಳ್ಳುತ್ತಾರೆ, ಮಿಠಾಯಿ ತಿನ್ನುತ್ತಾರೆ. ಹಾಮಿದ್ ಕಬ್ಬಿಣದ ಅಂಗಡಿ ಮುಂದೆ ನಿಲ್ಲುತ್ತಾನೆ. ಹೆಂಚಿನಿಂದ ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ಸುಡುತ್ತದೆ, ಇಕ್ಕಳ ಬೇಕು. ಅಂಗಡಿಯವನು ಆರು ಪೈಸೆ ಅನ್ನುತ್ತಾನೆ, ಆಮೇಲೆ ಐದಕ್ಕೆ ಇಳಿಯುತ್ತಾನೆ. ಹುಡುಗ ಧೈರ್ಯ ಮಾಡಿ ಮೂರಕ್ಕೆ ಕೇಳಿ, ಬೈತಾನೆ ಅಂತ ಮುಂದೆ ಹೊರಟೇಬಿಡುತ್ತಾನೆ. ಅಂಗಡಿಯವನು ಕರೆದು ಕೊಡುತ್ತಾನೆ. ಅದನ್ನು ಬಂದೂಕಿನ ಹಾಗೆ ಹೆಗಲ ಮೇಲಿಟ್ಟುಕೊಂಡು ಬರುತ್ತಾನೆ.

ಆಮೇಲೆ ದೊಡ್ಡ ವಾದ. ನಿನ್ನ ಇಕ್ಕಳ ಆಟದ ಸಾಮಾನಾ ಅಂತ ಹುಡುಗರು ಕೇಳಿದರೆ, ಹಾಮಿದ್ ಒಬ್ಬೊಬ್ಬರನ್ನೇ ಮಾತಿನಲ್ಲಿ ಮಲಗಿಸುತ್ತಾನೆ. ನನ್ನ ಇಕ್ಕಳ ನೆಲಕ್ಕೆ ಹಾಕಿದರೂ ಒಡೆಯೋದಿಲ್ಲ, ನಿಮ್ಮ ಸಿಪಾಯಿ ಎಷ್ಟು ಹೊತ್ತು ಬಾಳುತ್ತಾನೆ? ಕೊನೆಗೆ ಅವರೇ ತಮ್ಮ ಗೊಂಬೆ ಕೊಟ್ಟು ಇಕ್ಕಳ ಮುಟ್ಟಿ ನೋಡುತ್ತಾರೆ. ನಿಮ್ಮ ಮಕ್ಕಳು ಚಪ್ಪಾಳೆ ಹೊಡೆದದ್ದು ಇದಕ್ಕೇ ಇರಬೇಕು. ಅವರ ಕಣ್ಣಿಗೆ ಹಾಮಿದ್ ಪಾಪದವನಲ್ಲ, ಗೆದ್ದವನು. ನಿಮ್ಮ ಗಂಟಲು ಕಟ್ಟಿದ್ದು ಅಜ್ಜಿ ಮೊದಲು ಬೈದು, ಆಮೇಲೆ ಮಗುವಿನ ಹಾಗೆ ಅತ್ತಾಗ. ಅಲ್ಲಿ ಕಥೆಗಾರರೇ ಹೇಳುತ್ತಾರೆ, ಮಗು ಹಾಮಿದ್ ಮುದುಕನ ಪಾತ್ರ ಮಾಡಿದ್ದ, ಮುದುಕಿ ಅಮೀನಾ ಪುಟ್ಟ ಹುಡುಗಿ ಆದಳು ಅಂತ. ಒಂದೇ ಕಥೆ, ಎರಡು ವಯಸ್ಸು. ಆ ಮಕ್ಕಳು ನಲವತ್ತು ದಾಟಿದ ಮೇಲೆ ಇದನ್ನೇ ಮತ್ತೆ ಓದಲಿ, ಆಗ ನಿಮ್ಮನ್ನು ನೆನೆಯುತ್ತಾರೆ.

ಇದರ ಪಕ್ಕದಲ್ಲಿ ಚೆಕಾಫನ 'ವಾಂಕಾ' (1886) ಇಟ್ಟು ನೋಡಿ, ಪೂರಾ ಉಲ್ಟಾ. ಒಂಬತ್ತು ವರ್ಷದ ಹುಡುಗ, ಮಾಸ್ಕೋದಲ್ಲಿ ಚಮ್ಮಾರನ ಬಳಿ ಕೆಲಸಕ್ಕಿದ್ದಾನೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಕದ್ದು ಕೂತು ಊರಿನ ತಾತನಿಗೆ ಪತ್ರ ಬರೆಯುತ್ತಾನೆ. ಹೊಡೀತಾರೆ, ಹೊಟ್ಟೆಗಿಲ್ಲ, ಕರೆದುಕೊಂಡು ಹೋಗು ತಾತ. ಹಿಂದಿನ ದಿನವೇ ಒಂದು ಕೊಪೆಕ್ ಕೊಟ್ಟು ಲಕೋಟೆ ಕೊಂಡಿಟ್ಟಿದ್ದ. ಮೇಲೆ ವಿಳಾಸ ಬರೆಯುತ್ತಾನೆ: 'ಹಳ್ಳಿಯಲ್ಲಿರುವ ತಾತನಿಗೆ'. ಸಾಲದೇನೋ ಅಂತ ತಲೆ ಕೆರೆದುಕೊಂಡು ತಾತನ ಹೆಸರೂ ಸೇರಿಸುತ್ತಾನೆ. ಓಡಿ ಹೋಗಿ ಡಬ್ಬಕ್ಕೆ ಹಾಕಿ ಬಂದು ನೆಮ್ಮದಿಯಿಂದ ಮಲಗುತ್ತಾನೆ.

ಹಳ್ಳಿಯ ಹೆಸರಿಲ್ಲ. ಸ್ಟಾಂಪೂ ಇಲ್ಲ. ಅದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಚೆಕಾಫ್ 'ಅಯ್ಯೋ, ಪತ್ರ ತಲುಪೋದಿಲ್ಲ' ಅಂತ ಒಂದು ಅಕ್ಷರ ಬರೆಯೋದಿಲ್ಲ, ಹುಡುಗನ ಕನಸು ತೋರಿಸಿ ಎದ್ದು ಹೋಗುತ್ತಾನೆ. ಇದನ್ನು ಐದನೇ ತರಗತಿಗೆ ಹೇಳಬಹುದಾ ಅಂದರೆ, ನಾನಾದರೆ ಇನ್ನೆರಡು ವರ್ಷ ಕಾಯುತ್ತೇನೆ. ವಿಳಾಸ ಬರೆಯೋದು ಹೇಗೆ ಅಂತ ಅವರಿಗೆ ಮೊದಲು ಗೊತ್ತಿರಬೇಕಲ್ವಾ.

ಪ್ರಶ್ನೆ: ಸ್ವಲ್ಪ ಖಾರವಾಗಿ ಕೇಳುತ್ತೇನೆ. ಎಸಿ ರೂಮಿನಲ್ಲಿ ಕೂತು ಬಡವರ ಕಥೆ ಓದಿ ಎರಡು ಹನಿ ಕಣ್ಣೀರು ಹಾಕೋದೂ ಒಂದು ಥರ ಸುಖವೇ ಅಲ್ವಾ? 'ನನ್ನ ಮನಸ್ಸು ಎಷ್ಟು ಒಳ್ಳೇದು' ಅಂತ. ಆಮೇಲೆ ಡೆಲಿವರಿ ಹುಡುಗ ಹತ್ತು ನಿಮಿಷ ತಡ ಮಾಡಿದರೆ ಅದೇ ನಾವು ಕಂಪ್ಲೇಂಟ್ ಹಾಕುತ್ತೇವೆ.
(ಐಟಿ ಉದ್ಯೋಗಿ, ಬೆಂಗಳೂರು)

ಉತ್ತರ: ಖಾರ ಸರಿಯಾಗೇ ಇದೆ. ನಾನೂ ಹಾಕಿದ್ದೇನೆ ಕಂಪ್ಲೇಂಟ್, ಸುಳ್ಳು ಯಾಕೆ ಹೇಳಲಿ.

ಈ ರೋಗ ಕಥೆಗಾರರಿಗೂ ಗೊತ್ತು. ಅದಕ್ಕೇ 'ಈದ್ಗಾ' ಬರೆದ ಅದೇ ಪ್ರೇಮಚಂದ್ ಕೊನೆಗಾಲದಲ್ಲಿ 'ಕಫನ್' ಬರೆದರು. ಘೀಸು, ಮಾಧವ ಅಂತ ಅಪ್ಪ ಮಗ. ಸೋಮಾರಿಗಳು. ಮಾಧವನ ಹೆಂಡತಿ ಬುಧಿಯಾ ಒಳಗೆ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದರೆ, ಇವರು ಹೊರಗೆ ಬೆಂಕಿ ಮುಂದೆ ಕೂತು ಕದ್ದ ಆಲೂಗಡ್ಡೆ ಸುಟ್ಟು ತಿನ್ನುತ್ತಿದ್ದಾರೆ. ಅಪ್ಪ 'ಹೋಗಿ ನೋಡಿ ಬಾ' ಅಂದರೂ ಮಗ ಏಳೋದಿಲ್ಲ. ಎದ್ದರೆ ಅಪ್ಪ ಜಾಸ್ತಿ ಆಲೂಗಡ್ಡೆ ತಿಂದುಬಿಟ್ಟರೆ? ಬೆಳಗ್ಗೆ ಅವಳು ಸತ್ತಿದ್ದಾಳೆ. ಹೆಣದ ಬಟ್ಟೆಗೆ ಅಂತ ಊರಲ್ಲಿ ಬೇಡಿ ಐದು ರೂಪಾಯಿ ಕೂಡಿಸುತ್ತಾರೆ. ಪೇಟೆಗೆ ಹೋಗಿ ಆ ದುಡ್ಡಲ್ಲಿ ಕುಡಿದು, ಪೂರಿ ತಿಂದು, ಹಾಡಿ ಕುಣಿದು ಬೀಳುತ್ತಾರೆ.

ಇಲ್ಲಿ ಎಲ್ಲಿ ಹಾಕುತ್ತೀರಿ ಎರಡು ಹನಿ? ಘೀಸುವಿನ ಮೇಲೆ ಹಾಕಲು ಮನಸ್ಸಾಗೋದಿಲ್ಲ, ಅಸಹ್ಯ ಆಗುತ್ತದೆ. ಆದರೆ ಬೈದು ಪುಸ್ತಕ ಮುಚ್ಚಲೂ ಆಗೋದಿಲ್ಲ. ಯಾಕೆಂದರೆ ಹಗಲು ರಾತ್ರಿ ಮೈ ಮುರಿದು ದುಡಿಯುವವರ ಸ್ಥಿತಿಯೂ ಇವರಿಗಿಂತ ಹೆಚ್ಚೇನೂ ಚೆನ್ನಾಗಿಲ್ಲದ ಊರಿನಲ್ಲಿ ಇಂಥವರು ಹುಟ್ಟಿದರೆ ಆಶ್ಚರ್ಯವೇನು ಅಂತ ಕಥೆಯೇ ಕೇಳುತ್ತದೆ. ಬದುಕಿದ್ದಾಗ ಮೈ ಮುಚ್ಚಲು ಹರಕು ಚಿಂದಿ ಸಿಗದವಳಿಗೆ ಸತ್ತ ಮೇಲೆ ಹೊಸ ಬಟ್ಟೆ ಬೇಕಂತೆ ಅಂತ ಆ ಕುಡುಕ ಹೇಳುವಾಗ, ಅವನ ಮಾತು ತಪ್ಪು ಅಂತ ಹೇಳಿ ನೋಡೋಣ. ಐದು ರೂಪಾಯಿ ಕೊಟ್ಟವರು, ಅವಳು ಹೆರಿಗೆ ನೋವು ತಿನ್ನುವಾಗ ಎಲ್ಲಿದ್ದರು?

ಒಂದು ಕಡೆ ಮಾತ್ರ ನನಗೆ ಪ್ರತಿ ಸಲ ಕೂತಲ್ಲೇ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಹೊಟ್ಟೆ ತುಂಬಿದ ಮೇಲೆ ಮಾಧವ ಉಳಿದ ಪೂರಿಯ ಎಲೆಯನ್ನು ಅಲ್ಲೇ ನಿಂತು ನೋಡುತ್ತಿದ್ದ ಭಿಕ್ಷುಕನಿಗೆ ಕೊಡುತ್ತಾನೆ. ಕೊಡುವ ಸುಖ, ಕೊಟ್ಟವನ ಹೆಮ್ಮೆ ಅವನಿಗೆ ಬದುಕಿನಲ್ಲಿ ಮೊದಲ ಸಲ ಸಿಗುತ್ತದೆ. ನೀವು ಹೇಳಿದ 'ನನ್ನ ಮನಸ್ಸು ಎಷ್ಟು ಒಳ್ಳೇದು' ಅನ್ನೋ ಸುಖ ಇದೆಯಲ್ಲ, ಅದೇ ಇದು. ಪ್ರೇಮಚಂದ್ ಅದನ್ನು ಎತ್ತಿ ಹೆಂಡದಂಗಡಿಯಲ್ಲಿ, ಹೆಂಡತಿಯ ಹೆಣದ ದುಡ್ಡಲ್ಲಿ ತಿಂದು ಉಳಿದ ಎಲೆಯ ಮೇಲೆ ಇಟ್ಟುಬಿಟ್ಟರು.

ಆದರೂ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಎರಡು ಹನಿ ಸುಖದ ಕಣ್ಣೀರೂ ಕಲ್ಲಿಗಿಂತ ವಾಸಿ. ಕಂಪ್ಲೇಂಟ್ ಹಾಕಲು ಹೋದ ಬೆರಳು ಒಂದು ಕ್ಷಣ ನಿಂತರೆ ಅಷ್ಟಕ್ಕಾದರೂ ಬಂತು.

ಪ್ರಶ್ನೆ: ನಮ್ಮ ಮನೆಗೆ ಹನ್ನೊಂದು ವರ್ಷದಿಂದ ಕೆಲಸಕ್ಕೆ ಬರುವವರ ಬಗ್ಗೆ ಕಥೆ ಬರೆಯಬೇಕು ಅಂತ ಆಸೆ. ಆದರೆ ನಾನು ಸಂಬಳ ಕೊಡುವವಳು. ಅವರ ಬಾಯಲ್ಲೇ, 'ನಾನು' ಅಂತ ಬರೆದರೆ ಮರುಕ ಜಾಸ್ತಿ ಬರುತ್ತದಾ? ಬರೆಯುವ ಹಕ್ಕು ನನಗಿದೆಯಾ?
(ಗೃಹಿಣಿ, ಉಡುಪಿ)

ಉತ್ತರ: ಹಕ್ಕಿನ ಮಾತು ದೊಡ್ಡದು, ನನ್ನ ಅಂಕಣ ಚಿಕ್ಕದು. ಉಪಾಯ ಮಾತ್ರ ಹೇಳುತ್ತೇನೆ. ಅವರ ಬಾಯಿಗೆ ಹೋಗಬೇಡಿ. ಹನ್ನೊಂದು ವರ್ಷ ಆದರೂ ನೀವು ನೋಡಿರೋದು ನಿಮ್ಮ ಅಡುಗೆಮನೆಯಲ್ಲಿ ನಿಂತ ಅವರನ್ನು. ಅದನ್ನೇ ಬರೆಯಿರಿ.

ಮಾಸ್ತಿಯವರು ಮಾಡಿದ್ದು ಹಾಗೇ. 'ಮೊಸರಿನ ಮಂಗಮ್ಮ' ಕಥೆಯನ್ನು ಮಂಗಮ್ಮ ನಮಗೆ ನೇರವಾಗಿ ಹೇಳೋದಿಲ್ಲ. ಮೊಸರು ಹಾಕಲು ಬಂದು ಜಗಲಿಯಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು, ಸೊಸೆಯ ಮೇಲಿನ ಸಿಟ್ಟನ್ನು ಆ ಮನೆಯ ಅಮ್ಮನಿಗೆ ಹೇಳಿಕೊಳ್ಳುತ್ತಾಳೆ. ಆ ಅಮ್ಮ ನಮಗೆ ಹೇಳುತ್ತಾಳೆ. ಆಕೆ ಮೊಸರು ಕೊಳ್ಳುವವಳು, ಮಂಗಮ್ಮ ಮಾರುವವಳು, ಆ ಅಂತರವನ್ನು ಯಾರೂ ಮುಚ್ಚಿಡೋದಿಲ್ಲ. ಆದರೂ ಕೇಳುವ ಕಿವಿ ಒಂದು ಇದೆ, ಹಾಗಾಗಿ ನಾವೂ ಆ ಜಗಲಿಯಲ್ಲಿ ಕೂತು ಕೇಳುತ್ತೇವೆ.

ಆ ಕಿವಿಯನ್ನೇ ಕಿತ್ತುಹಾಕಿದರೆ ಏನಾಗುತ್ತದೆ ಅಂತ ನೋಡಬೇಕಾ? ಚೆಕಾಫನದೇ ಇ‌ನ್ನೊಂದು ಕಥೆ, ಕುದುರೆಗಾಡಿಯ ಇಯೋನಾನದು. ಮಗ ಸತ್ತು ಒಂದು ವಾರ. ಹಿಮದಲ್ಲಿ ಗಾಡಿ ಹೊಡೆಯುತ್ತಾ ಹತ್ತಿದವರಿಗೆಲ್ಲ ಹೇಳಲು ಬಾಯಿ ತೆರೆಯುತ್ತಾನೆ. ಒಬ್ಬ ಕಣ್ಣು ಮುಚ್ಚುತ್ತಾನೆ, ಒಬ್ಬರು ಬೇಗ ಹೊಡಿ ಅನ್ನುತ್ತಾರೆ, ಪಕ್ಕದಲ್ಲಿ ಮಲಗಿದ್ದ ಇನ್ನೊಬ್ಬ ಗಾಡಿಯವನು ಮುಸುಕು ಹಾಕಿಕೊಂಡು ನಿದ್ದೆ ಹೋಗುತ್ತಾನೆ. ಕೊನೆಗೆ ಲಾಯಕ್ಕೆ ಹೋಗಿ ಹುಲ್ಲು ಮೇಯುತ್ತಿರುವ ಕುದುರೆಗೆ ಹೇಳುತ್ತಾನೆ, ನಿನಗೊಂದು ಮರಿ ಇತ್ತು ಅಂತ ಇಟ್ಕೋ, ಅದು ಸತ್ತುಹೋಯಿತು ಅಂತ ಇಟ್ಕೋ. ಅಲ್ಲಿಯವರೆಗೆ ಯಾರೂ ಕೇಳದ್ದನ್ನು ನಾವೊಬ್ಬರೇ ಕೇಳಿಸಿಕೊಂಡಿರುತ್ತೇವೆ.

ನಿಮ್ಮ ಕಥೆಯಲ್ಲಿ ನೀವೂ ಇರಿ. ಒಳ್ಳೆಯವರಾಗಿಯೇ ಇರಬೇಕು ಅಂತಿಲ್ಲ. ಅವರ ಲೋಟ ಬೇರೆ ಇಟ್ಟಿದ್ದೀರಾ? ಅವರು ರಜ ಕೇಳಿದ ದಿನ ನಿಮ್ಮ ಮುಖ ಹೇಗಾಯಿತು? ಹನ್ನೊಂದು ವರ್ಷದಲ್ಲಿ ಸಂಬಳ ಎಷ್ಟಿದ್ದದ್ದು ಎಷ್ಟಾಗಿದೆ? ಆ ಅಂಕಿ ಬರೆಯಲು ಕೈ ಹಿಂಜರಿದರೆ ಕಥೆ ಶುರುವಾಗೋದು ಅಲ್ಲಿಂದಲೇ.

ಪ್ರಶ್ನೆ: ನನ್ನ ಕಥೆಯ ಕೊನೆಯಲ್ಲಿ ಕೂಲಿ ಮಾಡುವ ಮುದುಕ ಬಸ್ಸಿನಡಿ ಸಿಕ್ಕಿ ಸಾಯುತ್ತಾನೆ. ಗೆಳೆಯ 'ಸಿನಿಮಾ ಥರ ಆಯಿತು' ಅನ್ನುತ್ತಾನೆ. ಸಾಯಿಸದಿದ್ದರೆ ಓದುಗರಿಗೆ ನಾಟುತ್ತದಾ?
(ಓದುಗರು, ಚಿತ್ರದುರ್ಗ)

ಉತ್ತರ: ನಿಮ್ಮ ಗೆಳೆಯನಿಗೆ ನನ್ನ ನಮಸ್ಕಾರ ಹೇಳಿ. ಕೊನೆಯಲ್ಲಿ ಸಾಯಿಸೋದು ಅಂದರೆ ಎಷ್ಟೋ ಸಲ ಕಥೆಗಾರನಿಗೆ ಮುಂದೇನು ಅಂತ ತೋಚಲಿಲ್ಲ ಅಂತಲೇ.

ಪ್ರೇಮಚಂದರ 'ಪೂಸ್ ಕೀ ರಾತ್' (1930) ನೋಡಿ. ರೈತ ಹಲ್ಕೂ ಕಂಬಳಿಗೆ ಅಂತ ಮೂರು ರೂಪಾಯಿ ಕೂಡಿಟ್ಟಿದ್ದ, ಸಾಲದವನು ಬಂದು ಅದನ್ನೂ ತೆಗೆದುಕೊಂಡು ಹೋದ. ಮಾಗಿಯ ಚಳಿಯಲ್ಲಿ ಹೊಲ ಕಾಯಲು ನಾಯಿಯನ್ನು ಅಪ್ಪಿಕೊಂಡು ಮಲಗುತ್ತಾನೆ. ಎಲೆ ಒಟ್ಟಿ ಬೆಂಕಿ ಹಾಕಿ ಮೈ ಬೆಚ್ಚಗಾದ ಮೇಲೆ ಏಳಲು ಮನಸ್ಸಾಗೋದಿಲ್ಲ, ಕಾಡುಪ್ರಾಣಿ ಹೊಲಕ್ಕೆ ನುಗ್ಗಿದ ಸದ್ದು ಕೇಳಿದರೂ. ಬೆಳಗ್ಗೆ ಪೈರೆಲ್ಲ ಹಾಳು. ಇನ್ನು ಕೂಲಿ ಮಾಡಿ ಕಂದಾಯ ಕಟ್ಟಬೇಕಲ್ಲ ಅಂತ ಹೆಂಡತಿ ಸಂಕಟಪಟ್ಟರೆ, ಹಲ್ಕೂ ನಗುಮುಖದಲ್ಲಿ 'ರಾತ್ರಿ ಈ ಚಳಿಯಲ್ಲಿ ಇಲ್ಲಿ ಮಲಗೋದಾದರೂ ತಪ್ಪಿತು' ಅನ್ನುತ್ತಾನೆ. ಯಾರೂ ಸಾಯಲಿಲ್ಲ. ಆ ನಗು ಇದೆಯಲ್ಲ, ಅದು ಬಸ್ಸಿಗಿಂತ ಜೋರಾಗಿ ಗುದ್ದುತ್ತದೆ.

ನಿಮ್ಮ ಮುದುಕನನ್ನು ಬಸ್ಸಿನಡಿಯಿಂದ ಎಬ್ಬಿಸಿ, ಒಳಗೆ ಹತ್ತಿಸಿ. ಪಕ್ಕದಲ್ಲಿ ಹೆಂಡತಿಯನ್ನೂ ಕೂರಿಸಿ. ಅವಳಿಗೆ ಟಿಕೆಟ್ ಫ್ರೀ, ಇವನಿಗೆ ಇಲ್ಲ. ಕಂಡಕ್ಟರ್ ಬಂದು ನಿಂತಿದ್ದಾನೆ, ಮುದುಕ ಜೇಬಿಂದ ಚಿಲ್ಲರೆ ತೆಗೆದು ಅಂಗೈ ಮೇಲೆ ಎಣಿಸುತ್ತಿದ್ದಾನೆ. ಎಷ್ಟು ಕಮ್ಮಿ ಬಿತ್ತು ಅಂತ ಬರೆದು ಕಳಿಸಿ.